ಗುರಿಕಾರರ ಕಂಪ್ಯೂಟರಿಗೊಂದು ಕಾವಲು

ನನಗೆ ಮದುವೆ ನಿಶ್ಚಯವಾಗಿದೆ ಎಂದು ನನಗೆ ಗೊತ್ತಾದದ್ದು ಆಫೀಸಿನಲ್ಲಿ, ಬೆಳಗಿನ ಚಹಾದ ಹೊತ್ತಿಗೆ. ಅಪ್ಪನ ತಂಗಿ ಫೋನು ಮಾಡಿದ್ದರು.

"ಎಂತ ಮಗಾ, ಸೋದರತ್ತೆಗೂ ಕರೆಯೋಲೆ ಮೊಬೈಲಿನಲ್ಲೇ ಕಳಿಸುವುದಾ? ಅದೂ ತೆರೆಯುವುದಿಲ್ಲ ಮಾರಾಯ್ತಿ. ಹುಡುಗ ಯಾರು ಅಂತ ಬಾಯಲ್ಲಾದ್ರೂ ಹೇಳು."

"ಯಾವ ಹುಡುಗ?" ಎಂದೆ.

"ಅದನ್ನೇ ನಾನು ಕೇಳುವುದು!"

ಅರ್ಧ ಗಂಟೆಯೊಳಗೆ ಇನ್ನೂ ಎಂಟು ಮಂದಿ ಅದನ್ನೇ ಕೇಳಿದರು. ನಾನು ಅತ್ತಾವರದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ. ರೋಗಿಗಳ ಕಡತಗಳನ್ನು ಸಂಕೇತ ಸಂಖ್ಯೆಗಳಿಗೆ ಇಳಿಸುವುದು, ಬೇಡದವರ ಕಣ್ಣಿಗೆ ಬೀಳದ ಹಾಗೆ ಕಾಪಾಡುವುದು ನನ್ನ ಕೆಲಸ. ಆ ಕೆಲಸ ನನಗೆ ಒಗ್ಗಿದ್ದಕ್ಕೆ ನನ್ನ ಸ್ವಭಾವವೂ ಕಾರಣವಿರಬೇಕು. ಪಕ್ಕದ ಮೇಜಿನವಳಿಗೆ ನನ್ನ ಹುಟ್ಟಿದ ದಿನ ಗೊತ್ತಿಲ್ಲ. ಆ ದಿನ ಮಾತ್ರ ಪಣಂಬೂರಿನಿಂದ ಮುಂಬಯಿಯವರೆಗೆ ನಮ್ಮ ಜನರೆಲ್ಲ ನನ್ನ ಮದುವೆಯ ದಿನ ಯಾವುದೆಂದು ವಿಚಾರಿಸುತ್ತಿದ್ದರು.

ಕರೆಯೋಲೆ ಹೋದದ್ದು ಅಪ್ಪನ ನಂಬರಿನಿಂದ.

ಅಪ್ಪ ನಮ್ಮ ಊರಿನ ಗುರಿಕಾರ. ಪಣಂಬೂರು ಬಂದರಿನ ಉತ್ತರಕ್ಕೆ, ಕಡಲಿಗೆ ತಾಗಿಕೊಂಡಿರುವ ಮೀನುಗಾರರ ಊರು ನಮ್ಮದು. ಇಲ್ಲಿ ಯಾವ ಮನೆಯಲ್ಲಿ ಮದುವೆಯಾದರೂ, ಸಾವಾದರೂ, ಅಣ್ಣತಮ್ಮಂದಿರು ಮಾತು ಬಿಟ್ಟರೂ ಮೊದಲು ಗುರಿಕಾರರಿಗೆ ತಿಳಿಸಬೇಕು. ಮದುವೆಯ ಮೊದಲ ವೀಳ್ಯದೆಲೆ ನಮ್ಮ ಮನೆಗೆ ಬರುತ್ತದೆ. ಗಂಡು ಯಾವ ಬರಿ, ಹೆಣ್ಣು ಯಾವ ಬರಿ ಎಂದು ಅಪ್ಪ ಕೇಳುತ್ತಾರೆ. ಬರಿ ಎಂದರೆ ತಾಯಿಯ ಕಡೆಯಿಂದ ಇಳಿದು ಬರುವ ವಂಶ. ಒಂದೇ ಬರಿಯವರು ಅಣ್ಣತಂಗಿಯರಿದ್ದ ಹಾಗೆ, ಅವರೊಳಗೆ ಮದುವೆ ಇಲ್ಲ. ಇದೆಲ್ಲ ಸರಿಯಾಗಿದ್ದರೆ ಅಪ್ಪ ಕರೆಯೋಲೆಯನ್ನು ಬಿಡಿಸಿ, ಮೊದಲಿನಿಂದ ಕೊನೆಯವರೆಗೆ ಓದಿ, ಮಡಚಿ ದೇವರ ಪಟದ ಮುಂದೆ ಇಡುತ್ತಾರೆ. ಗುರಿಕಾರ ಕರೆಯೋಲೆಯನ್ನು ಬಿಡಿಸಿ ನೋಡಲಿಲ್ಲವೆಂದರೆ ಆ ಮನೆಯವರಿಗೆ ಅವಮಾನ.

ಈಗ ಮುಂಬಯಿಯಲ್ಲಿ, ಗಲ್ಫಿನಲ್ಲಿ ಇರುವವರ ಕರೆಯೋಲೆಗಳು ಫೋನಿಗೆ ಬರುತ್ತವೆ. ಅಕ್ಷರ ದೊಡ್ಡದಾಗಿ ಕಾಣಲೆಂದು ಅಪ್ಪ ಫೋನಿನ ಮೆಸೇಜುಗಳನ್ನು ಕಂಪ್ಯೂಟರಿನಲ್ಲಿಯೂ ತೆರೆದಿಡುತ್ತಾರೆ. ಆ ಬೆಳಿಗ್ಗೆ ಮುಂಬಯಿಯ ಒಂದು ಪರಿಚಯದ ನಂಬರಿನಿಂದ 'ಮದುವೆಯ ಕರೆಯೋಲೆ, ಕುಟುಂಬ ಸಮೇತ ಬನ್ನಿ' ಎಂದು ಒಂದು ಕಡತ ಬಂದಿತ್ತು. ಅಪ್ಪ ಒತ್ತಿದರು. ಏನೂ ಕಾಣಲಿಲ್ಲ. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರೋ ಏನೋ. ಓದದ ಕರೆಯೋಲೆಯನ್ನು ಅಪ್ಪ ಬಿಡುವ ಹಾಗಿರಲಿಲ್ಲ. ಮತ್ತೆ ಒತ್ತಿದರು. ಒಟ್ಟು ಐದು ಸಲ. ಅದು ಕರೆಯೋಲೆಯಾಗಿರದೆ ಕರೆಯೋಲೆಯ ಹೆಸರು ಹೊತ್ತ ಒಂದು ಪ್ರೋಗ್ರಾಂ ಆಗಿತ್ತು. ಅದು ಒಳಗೆ ಬಂದು ಕುಳಿತು, ಅಪ್ಪನ ಹೆಸರಿನಲ್ಲಿ ತನ್ನನ್ನೇ ಊರಿಗೆಲ್ಲ ಹಂಚಿತು. ಗುರಿಕಾರರ ಮನೆಯಲ್ಲಿ ಮದುವೆಯ ವಯಸ್ಸಿನವಳು ಇರುವುದು ನಾನೊಬ್ಬಳೇ ಆದ್ದರಿಂದ ಉಳಿದದ್ದನ್ನು ಊರಿನವರೇ ಪೂರ್ತಿ ಮಾಡಿಕೊಂಡರು.

ಸಂಜೆ ಮನೆಗೆ ಬಂದಾಗ ಅಪ್ಪ ಕಂಪ್ಯೂಟರಿನ ತಂತಿ ಕಿತ್ತು ಪಕ್ಕದಲ್ಲಿ ಕುಳಿತಿದ್ದರು. ಅಮ್ಮ ಬೂತಾಯಿ ಮೀನು ಶುಚಿ ಮಾಡುತ್ತಿದ್ದರು. ಮೂವತ್ತು ವರ್ಷ ಮಾರ್ಕೆಟಿನಲ್ಲಿ ಮೀನು ಮಾರಿದ ಅಮ್ಮನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ.

"ಅಳಿಯ ಮೀನು ತಿನ್ನುವವನಾ ಇಲ್ವಾ, ಅಷ್ಟಾದ್ರೂ ಹೇಳಿ," ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದರು. ಮನೆಯೊಳಗೆ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ದನಿ ಮಾತ್ರ ಯಾವ ಭಾಷೆಯಲ್ಲಿಯೂ ಅಷ್ಟೇ ಜೋರು.

ನನಗೆ ನಗು ಬರಲಿಲ್ಲ. ಇಡೀ ದಿನ ಎಲ್ಲರಿಗೂ ಇಲ್ಲ, ಇಲ್ಲ ಎಂದು ಹೇಳಿ ಸಾಕಾಗಿತ್ತು. ಆಗ ಒಂದು ಮಾತು ಹೇಳಿದೆ. ಸಿಟ್ಟಿನಿಂದ ಕೂಗಲಿಲ್ಲ, ನಾನು ಸಿಟ್ಟಿನಲ್ಲಿಯೂ ವಾಕ್ಯವನ್ನು ಸರಿಯಾಗಿ ಕಟ್ಟುವವಳು.

"ಅಪ್ಪ, ಇನ್ನು ನನ್ನನ್ನು ಕೇಳದೆ ಕಂಪ್ಯೂಟರಿನಲ್ಲಿ ಎಂತದನ್ನೂ ಒತ್ತಬೇಡಿ."

ಅಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, "ಆಯ್ತು ಮಗಾ," ಎಂದರು.

ಆ ಬಲಗೈಯ ಬಗ್ಗೆಯೂ, ಪುಸ್ತಕದ ಬಗ್ಗೆಯೂ ಇಲ್ಲಿ ಹೇಳಬೇಕು. ಅಪ್ಪ ಬಂದರಿನಲ್ಲಿ ಹಡಗುಗಳಿಗೆ ಹಗ್ಗ ಬಿಗಿಯುವ ಕೆಲಸದಲ್ಲಿದ್ದವರು. ನಿವೃತ್ತರಾದ ಮರುವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಔಷಧಿಗೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಸಹಿ ಮಾಡುವುದೇ ಕಷ್ಟವಾಯಿತು. ಅದೇ ಸಮಯಕ್ಕೆ ಗುರಿಕಾರರ ಪುಸ್ತಕವೂ ಹಾಳಾಗುತ್ತಿತ್ತು. ಊರಿನ ಒಂದೊಂದು ಮನೆಗೂ ಒಂದೊಂದು ಪುಟ: ಯಾವ ಬರಿ, ಯಾರಿಗೆ ಯಾರು ಮಗಳು, ಯಾರು ಎಲ್ಲಿಗೆ ಮದುವೆಯಾಗಿ ಹೋದರು, ಯಾರು ಕಡಲಿನಿಂದ ಹಿಂದೆ ಬರಲಿಲ್ಲ. ಅಪ್ಪನಿಗಿಂತ ಮೊದಲು ಮೂವರು ಗುರಿಕಾರರು ಬರೆದದ್ದು. ಉಪ್ಪುಗಾಳಿಗೆ ಹಾಳೆಗಳು ಅಂಚಿನಿಂದ ಪುಡಿಯಾಗತೊಡಗಿದ್ದವು. ಮೂರು ವರ್ಷಗಳ ನಂತರದ ಸಭೆಯಲ್ಲಿ ಅಪ್ಪ ಗುರಿಕಾರಿಕೆಯನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿತ್ತು. ಪುಡಿಯಾದ ಪುಸ್ತಕವನ್ನು ಕೈಗೆ ಕೊಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಪೂರ್ತಿ ಹೊಸದಾಗಿ ಬರೆದು ಕೊಡಬೇಕು, ಅದೂ ತಾವೇ ಬರೆದು. ಅಳಿಸಿಹೋದ ಜಾಗಗಳಲ್ಲಿ ಏನಿತ್ತೆಂದು ಈಗ ಹೇಳಬಲ್ಲವರು ಅಪ್ಪನೊಬ್ಬರೇ.

ಪೆನ್ನು ಹಿಡಿಯಲಾಗದ ಕೈಗೆ ಕೀಲಿಮಣೆ ಹಿಡಿಸಬಹುದು ಎಂದು ಹೊಳೆದದ್ದು ನಮ್ಮ ಊರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಮಾಸ್ಟ್ರಿಗೆ. ಅವರೇ ಒಂದು ಹಳೆಯ ಸಿ.ಡಿ. ತಂದು, ಕನ್ನಡ ಟೈಪು ಮಾಡುವ ಪ್ರೋಗ್ರಾಂ ಒಂದನ್ನು ಹಾಕಿಕೊಟ್ಟು, ಒಂದು ತಿಂಗಳು ದಿನಾ ಬಂದು ಅಪ್ಪನಿಗೆ ಕಲಿಸಿದರು. ಎಡಗೈಯ ಒಂದು ಬೆರಳಿನಿಂದ ಅಪ್ಪ ಬರೆಯತೊಡಗಿದರು. ದಿನಾ ಬೆಳಿಗ್ಗೆ ಒಂಬತ್ತರಿಂದ ಊಟದ ಹೊತ್ತಿನವರೆಗೆ ಕುಳಿತರೆ ವಾರಕ್ಕೆ ಎರಡು ಮನೆ ಮುಗಿಯುತ್ತಿತ್ತು. ಮಾಸ್ಟ್ರು ಹೋದ ವರ್ಷ ತೀರಿಕೊಂಡರು. ಈ ಸುಳ್ಳು ಕರೆಯೋಲೆ ಬಂದ ಹೊತ್ತಿಗೆ ತೊಂಬತ್ತು ಮನೆ ದಾಟಿತ್ತು. ಅರವತ್ತು ಚಿಲ್ಲರೆ ಉಳಿದಿತ್ತು.

ಆ ಸುಳ್ಳು ಕರೆಯೋಲೆ ಪುಸ್ತಕವನ್ನು ಮುಟ್ಟಿರಲಿಲ್ಲ. ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಹಿರಿಯರೊಬ್ಬರು ಮನೆಗೆ ಬಂದು ಎಲ್ಲವನ್ನೂ ಗುಡಿಸಿ ಕೊಟ್ಟರು. ಪುಸ್ತಕದ ಕಡತ ಹಾಗೆಯೇ ಇರುವುದನ್ನು ಕಂಡಾಗ ಅಪ್ಪ ಎದ್ದು ಹೋಗಿ ಅವರಿಗೆ ತಾವೇ ಎಳನೀರು ಕೆತ್ತಲು ನೋಡಿದರು. ಅಮ್ಮ ಕತ್ತಿಯನ್ನು ಕಸಿದುಕೊಂಡರು. ಎಳನೀರು ಬೇಡವೇ ಬೇಡ ಎಂದು ಅವರು ನಕ್ಕರು.

ಮುಂದೆ ಏನು ಮಾಡಬೇಕೆಂದು ಆ ಹಿರಿಯರನ್ನು ಕೇಳಿದೆ. ನಾನು ಅವರನ್ನು ಸರ್ ಎನ್ನುತ್ತೇನೆ, ಅವರು ನನ್ನನ್ನು ಮಾರಾಯ್ತಿ ಎನ್ನುತ್ತಾರೆ.

"ನೋಡು ಮಾರಾಯ್ತಿ, ಕಾವಲು ಕಾಯುವ ತಂತ್ರಾಂಶದಲ್ಲಿ ಎರಡು ಜಾತಿ ಉಂಟು. ಒಂದು ಕಳ್ಳರ ಪಟ್ಟಿ ಹಿಡ್ಕೊಂಡು ಬಾಗಿಲಲ್ಲಿ ನಿಲ್ತದೆ. ಪಟ್ಟಿಯಲ್ಲಿ ಇಲ್ಲದ ಹೊಸ ಕಳ್ಳ ಬಂದ್ರೆ ನಮಸ್ಕಾರ ಹಾಕಿ ಒಳಗೆ ಬಿಡ್ತದೆ. ಇನ್ನೊಂದು ಮನೆಯವರ ಪಟ್ಟಿ ಇಟ್ಕೊಳ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವ ಯಾರೇ ಆಗ್ಲಿ, ಹೊರಗೆ."

"ನನಗೆ ಎರಡನೆಯದು ಬೇಕು ಸರ್."

"ಮನೆ ಕಂಪ್ಯೂಟರಿಗೆ ಎಂತಕ್ಕೆ ಅಷ್ಟು? ಅದು ಸ್ವಲ್ಪ ಬಿಗಿ. ಮನೆಯವರು ಯಾರು ಅಂತ ಅದಕ್ಕೆ ಗೊತ್ತಿರುವುದಿಲ್ಲ, ನೀನೇ ಹೇಳಿಕೊಡ್ಬೇಕು."

ಆ ಕೊನೆಯ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನನಗೆ ಕಾವಲು ಬೇಕಿತ್ತು, ಬೇಗ ಬೇಕಿತ್ತು. ಎರಡು ಭಾನುವಾರ ಕುಳಿತು ಐದು ತಂತ್ರಾಂಶಗಳನ್ನು ಹೋಲಿಸಿ ಒಂದು ಕೋಷ್ಟಕ ಮಾಡಿದೆ. ನಮ್ಮ ಹಳೆಯ ಯಂತ್ರದಲ್ಲಿ ಓಡುತ್ತದೆಯೇ, ನೆಟ್ಟು ಇಲ್ಲದಾಗಲೂ ತಡೆಯುತ್ತದೆಯೇ, ಕರೆಂಟು ಹೋಗಿ ಬಂದ ಮೇಲೆ ತಾನೇ ಏಳುತ್ತದೆಯೇ, ಪೆನ್ ಡ್ರೈವಿನಿಂದ ಬರುವುದನ್ನು ನೋಡುತ್ತದೆಯೇ. ಹನ್ನೊಂದು ಪ್ರಶ್ನೆಗಳಿದ್ದವು. ಅಪ್ಪನನ್ನು ಒಂದನ್ನೂ ಕೇಳಲಿಲ್ಲ. ಆ ಎರಡು ಭಾನುವಾರವೂ ಅವರು ಜಗಲಿಯಲ್ಲಿ ಪೇಪರು ಹಿಡಿದು ಕುಳಿತಿದ್ದರು, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ.

ನಾನು ಆರಿಸಿದ್ದರಲ್ಲಿ ನಂಬಬಹುದಾದ ಪ್ರೋಗ್ರಾಂಗಳ ದೊಡ್ಡ ಪಟ್ಟಿಯೊಂದು ಮೊದಲೇ ತುಂಬಿತ್ತು. ಆ ಪಟ್ಟಿಯಲ್ಲಿ ಇಲ್ಲದ್ದು ಯಾವುದೂ ಏಳುವಂತಿಲ್ಲ. ತಡೆದಾಗ ಪರದೆಯ ಮೇಲೆ ಒಂದು ಪೆಟ್ಟಿಗೆ ಬಂದು ಇಂಗ್ಲಿಷಿನಲ್ಲಿ ಎಚ್ಚರಿಸುತ್ತದೆ. ಬೇಡವೆಂದರೆ ಆ ಪೆಟ್ಟಿಗೆಯನ್ನು ನಿಲ್ಲಿಸಿ, ಸದ್ದಿಲ್ಲದೆ ತಡೆದು, ವರದಿಯನ್ನು ಮಾತ್ರ ನನ್ನ ಈಮೇಲಿಗೆ ಕಳುಹಿಸುವ ಹಾಗೆ ಮಾಡಬಹುದು. ನಾನು ಅದನ್ನೇ ಮಾಡಿದೆ. ಕೆಂಪು ಪೆಟ್ಟಿಗೆ ನೋಡಿ ಅಪ್ಪ ಮತ್ತೆ ಹೆದರುವುದು ಬೇಡವೆಂದು. ಗುಪ್ತಪದವನ್ನು ನನ್ನಲ್ಲಿಯೇ ಇಟ್ಟುಕೊಂಡೆ. ಪರೀಕ್ಷೆಯನ್ನೂ ಮಾಡಿದೆ: ಮೆಸೇಜು ತೆರೆಯಿತು, ಪ್ರಿಂಟರು ಓಡಿತು, ಪುಸ್ತಕದ ಕಡತ ತೆರೆಯಿತು, ಎರಡು ಸಾಲು ಕನ್ನಡವೂ ಬಂತು.

"ಈಗ ಹೆದರಿಕೆ ಇಲ್ಲ ಅಪ್ಪ," ಎಂದೆ.

"ಒಳ್ಳೆಯದಾಯ್ತು ಮಗಾ."

ವರದಿಗಳು ಈಮೇಲಿನಲ್ಲಿ ತಾವೇ ಒಂದು ಬೇರೆ ಕಪಾಟಿಗೆ ಹೋಗಿ ಬೀಳುವಂತೆ ಮಾಡಿದ್ದೆ. ಆ ಕಪಾಟನ್ನು ನಾನು ತೆರೆಯಲಿಲ್ಲ. ಮನೆ ಶಾಂತವಾಗಿತ್ತು. ಮದುವೆಯ ಸುದ್ದಿ ಮೆಲ್ಲಗೆ ತಣ್ಣಗಾಯಿತು, ಅತ್ತೆಯ ಬಾಯಿಯೊಂದರಲ್ಲಿ ಬಿಟ್ಟು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಮ್ಮ ಒಗೆಯುವ ಕಲ್ಲಿನ ಹತ್ತಿರದಿಂದ ಕೂಗಿದರು. "ಇವರ ಅಂಗಿ ನೋಡು ಬಾ. ಈ ವಯಸ್ಸಿನಲ್ಲಿ ಶಾಲೆಗೆ ಹೋಗ್ತಿದ್ದಾರಾ ಎಂತ?"

ಕಿಸೆಯ ಅಡಿಯಲ್ಲಿ ನೀಲಿ ಶಾಯಿ ಹರಡಿತ್ತು. ಅಪ್ಪ ಪೆನ್ನು ಮುಟ್ಟದೆ ಎರಡು ವರ್ಷಗಳಾಗಿದ್ದವು. ನಾನು ಒಳಗೆ ಹೋದೆ. ಅಪ್ಪ ಊಟ ಮಾಡಿ ಮಲಗಿದ್ದರು. ಕಂಪ್ಯೂಟರಿನ ಮೇಜಿನ ಮೇಲೆ, ಹಳೆಯ ಪುಸ್ತಕದ ಅಡಿಯಲ್ಲಿ, ಇನ್ನೂರು ಪುಟದ ಒಂದು ನೋಟು ಪುಸ್ತಕವಿತ್ತು. ತೆರೆದೆ.

ಅದು ಅಪ್ಪನ ಅಕ್ಷರವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರತಿ ಸಾಲೂ ಗೆರೆಯಿಂದ ಮೇಲೆದ್ದು ಕೆಳಗೆ ಬೀಳುತ್ತಿತ್ತು. ಕೆಲವು ಕಡೆ ಪೆನ್ನಿನ ಮೊನೆ ಕಾಗದವನ್ನು ಹರಿದಿತ್ತು. ಒಂದು ಹೆಸರನ್ನು ನಾಲ್ಕು ಸಲ ಹೊಡೆದು ಐದನೆಯ ಸಲ ಬರೆದಿದ್ದರು. ಮೂರು ವಾರಗಳಲ್ಲಿ ಎರಡೂವರೆ ಮನೆಯಾಗಿತ್ತು.

ಅವರು ಏಳುವವರೆಗೆ ಅಲ್ಲೇ ಕುಳಿತಿದ್ದೆ. ಎದ್ದು ಬಂದು, ನನ್ನ ಕೈಯಲ್ಲಿದ್ದ ನೋಟು ಪುಸ್ತಕವನ್ನು ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಬಾಗಿಲಲ್ಲೇ ನಿಂತರು.

"ಕಂಪ್ಯೂಟರಿನಲ್ಲಿ ಯಾಕೆ ಬರೆಯುವುದಿಲ್ಲ ಅಪ್ಪ?"

"ಅದರಲ್ಲಿ ಈಗ ಕನ್ನಡ ಬರುವುದಿಲ್ಲ."

"ನನಗೆ ಹೇಳಬೇಕಿತ್ತಲ್ಲ?"

"ನೀನೇ ನಿಲ್ಲಿಸಿದ್ದು ಅಂತ ತಿಳ್ಕೊಂಡೆ." ಅಪ್ಪ ಖುರ್ಚಿಯ ಬೆನ್ನು ಹಿಡಿದುಕೊಂಡರು. "ನಿಲ್ಲಿಸಿದ್ರೂ ತಪ್ಪಿಲ್ಲ ಮಗಾ. ನನ್ನಿಂದ ನಿನಗೆ ಊರಲ್ಲಿ ಅಷ್ಟು ಆಯ್ತಲ್ಲ."

ಉತ್ತರ ಹೇಳುವ ಮೊದಲು ಈಮೇಲಿನ ಆ ಕಪಾಟನ್ನು ತೆರೆದೆ. ಎಲ್ಲ ವರದಿಗಳಲ್ಲಿಯೂ ಒಂದೇ ಪ್ರೋಗ್ರಾಮಿನ ಹೆಸರಿತ್ತು: ಮಾಸ್ಟ್ರು ಹಾಕಿಕೊಟ್ಟ ಕನ್ನಡ ಟೈಪಿಂಗಿನದು. ಅದನ್ನು ಮಾಡಿದವರು ಯಾರೋ ಎಲ್ಲೋ, ಜಗತ್ತಿನ ಯಾವ ದೊಡ್ಡ ಪಟ್ಟಿಯಲ್ಲಿಯೂ ಅದರ ಹೆಸರಿರಲಿಲ್ಲ. ನಾನು ಪರೀಕ್ಷೆ ಮಾಡಿದ ದಿನ ಅದು ಬೆಳಿಗ್ಗೆಯೇ ಎದ್ದು ಓಡುತ್ತಿತ್ತು, ಹಾಗಾಗಿ ಕನ್ನಡ ಬಂದಿತ್ತು. ಮರುದಿನ ಅಪ್ಪ ಹೊಸದಾಗಿ ತೆರೆಯುವಾಗ ಕಾವಲಿನವನು ಅದನ್ನು ಹೊರಗೆ ನಿಲ್ಲಿಸಿದ.

ವರದಿಯಲ್ಲಿ ಗಂಟೆ, ನಿಮಿಷ ಎಲ್ಲ ಇತ್ತು. ಮೊದಲ ದಿನ ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ತಡೆಯಲಾಗಿದೆ. ಒಂಬತ್ತು ಐದಕ್ಕೆ ತಡೆಯಲಾಗಿದೆ. ಒಂಬತ್ತು ಒಂಬತ್ತಕ್ಕೆ. ಹೀಗೆ ಹದಿನೈದು ಸಾಲು, ಹನ್ನೆರಡೂವರೆಯವರೆಗೆ. ಮರುದಿನ ಎಂಟು. ಅದರ ಮರುದಿನ ಐದು. ಎರಡನೆಯ ವಾರದಲ್ಲಿ ದಿನಕ್ಕೊಂದು ಸಾಲು, ಬೆಳಿಗ್ಗೆ ಒಂಬತ್ತರ ಆಸುಪಾಸಿನಲ್ಲಿ, ಅಂಗಡಿ ತೆರೆದಿದೆಯೇ ಎಂದು ಬಂದು ನೋಡಿಹೋದ ಹಾಗೆ. ಆಮೇಲೆ ಅದೂ ಇಲ್ಲ. ನಾನು ಆಸ್ಪತ್ರೆಯಲ್ಲಿ ದಿನವೂ ಇಂಥ ಸಾಲುಗಳನ್ನು ಓದುವವಳು. ಅಪ್ಪನ ಹದಿನೈದು ಸಾಲು ಓದಿದ ಮೇಲೆ ಪರದೆಯಿಂದ ಮುಖ ತಿರುಗಿಸಲು ನನಗೆ ಆಗಲಿಲ್ಲ. ಅಪ್ಪ ನನ್ನ ಹಿಂದೆ ನಿಂತಿದ್ದರು.

"ನಾನು ನಿಲ್ಲಿಸಿದ್ದಲ್ಲ ಅಪ್ಪ," ಎಂದೆ. ಅದು ಪೂರ್ತಿ ನಿಜವಲ್ಲವೆಂದು ಹೇಳುವಾಗಲೇ ತಿಳಿಯಿತು. "ನಾನೇ ನಿಲ್ಲಿಸಿದ್ದು. ಆದರೆ ನಿಲ್ಲಿಸಿದ್ದು ಅಂತ ನನಗೆ ಗೊತ್ತಿರಲಿಲ್ಲ."

ಅಮ್ಮ ಬಾಗಿಲ ಬಳಿ ಬಂದು ಒದ್ದೆ ಕೈಯಲ್ಲೇ ಎಲ್ಲವನ್ನೂ ಕೇಳಿಸಿಕೊಂಡರು. "ಅಷ್ಟು ಓದಿದವಳು, ಕಿವಿರು ಎತ್ತಿ ನೋಡದೆ ಮೀನು ತೆಕ್ಕೊಂಡಿದ್ದಿ," ಎಂದರು. "ತಿನ್ನುವವರು ಮನೆಯಲ್ಲೇ ಇದ್ರು. ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು?"

ಆ ತಂತ್ರಾಂಶವನ್ನು ಅಂದೇ ತೆಗೆದೆ. ಕನ್ನಡ ಬಂತು. ಅಪ್ಪ ಕುಳಿತು ಎಡಗೈಯ ಬೆರಳಿನಿಂದ ಒಂದು ಅಕ್ಷರ ಒತ್ತಿ, ಅದು ಪರದೆಯಲ್ಲಿ ಮೂಡಿದ್ದನ್ನು ನೋಡಿ, ಮತ್ತೊಂದನ್ನು ಒತ್ತಿದರು. ಏನು ಬರೆದರೆಂದು ನಾನು ನೋಡಲಿಲ್ಲ.

ಕಾವಲಿಲ್ಲದೆ ಬಿಡುವಂತೆಯೂ ಇರಲಿಲ್ಲ. ಪುಸ್ತಕ ಇದ್ದದ್ದು ಆ ಯಂತ್ರದಲ್ಲಿಯೇ. ಮುಂದಿನ ಭಾನುವಾರ ನನ್ನ ಕೋಷ್ಟಕವನ್ನು ಮತ್ತೆ ತೆರೆದೆ. ಈ ಸಲ ಎರಡು ಖುರ್ಚಿ ಹಾಕಿದೆ.

"ಇದರಲ್ಲಿ ಯಾವುದು ಆಗ್ಬಹುದು ಅಪ್ಪ?"

"ನನಗೆ ಎಂತ ಗೊತ್ತಾಗ್ತದೆ ಮಗಾ ಇದರಲ್ಲಿ?"

"ಊರಿಗೆ ಹೊಸಬರು ಯಾರಾದ್ರೂ ಬಂದ್ರೆ ನೀವು ಎಂತ ಕೇಳ್ತೀರಿ?"

ಅಪ್ಪ ನನ್ನನ್ನೊಮ್ಮೆ ನೋಡಿದರು, ತಮಾಷೆ ಮಾಡುತ್ತಿದ್ದೇನೋ ಎಂದು. ಆಮೇಲೆ ಬೆನ್ನು ನೇರ ಮಾಡಿ ಕುಳಿತರು. "ಯಾರ ಮನೆಯವ ಅಂತ ಕೇಳ್ತೇನೆ. ಎಲ್ಲಿಂದ ಬಂದ, ಯಾರು ಕರ್ಕೊಂಡು ಬಂದದ್ದು ಅಂತ ಕೇಳ್ತೇನೆ."

"ಹೇಳದಿದ್ರೆ?"

"ಹೇಳದಿದ್ರೆ ಜಗಲಿಯಲ್ಲಿ ಕೂರ್ಲಿ. ನೀರು ಕೊಡುವ. ಒಳಗೆ ಇಲ್ಲ."

ಕೋಷ್ಟಕದ ಹನ್ನೊಂದು ಪ್ರಶ್ನೆಗಳ ಮೇಲೆ ನಾನು ಈ ಮೂರನ್ನು ಬರೆದುಕೊಂಡೆ. ಬರೆದಾಗ ನನಗೇ ಆಶ್ಚರ್ಯವಾಯಿತು. ತಂತ್ರಾಂಶಗಳೂ ಕೇಳಬೇಕಾದದ್ದು ಇದನ್ನೇ: ಇದನ್ನು ಮಾಡಿದವರು ಯಾರು, ಯಾವ ಜಾಗದಿಂದ ಇಳಿಯಿತು, ಯಾವುದರ ಮೂಲಕ ಒಳಬಂತು. ಮೂರು ತಂತ್ರಾಂಶಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ಒಂದು ಎಲ್ಲದಕ್ಕೂ ಕೇಳುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲಿಯೇ ಇಪ್ಪತ್ತು ಪೆಟ್ಟಿಗೆ ಬಂದವು. "ಇದಕ್ಕಿಂತ ನಿನ್ನ ಅತ್ತೆ ವಾಸಿ," ಎಂದರು ಅಪ್ಪ. ಅದನ್ನು ತೆಗೆದೆ. ಇನ್ನೊಂದು ತಡೆದದ್ದನ್ನು ಹೇಳುತ್ತಿತ್ತು, ಯಾಕೆ ತಡೆಯಿತೆಂದು ಹೇಳುತ್ತಿರಲಿಲ್ಲ. ಮೂರನೆಯದು ಮೊದಲು ಒಳಗಿರುವವರ ಪಟ್ಟಿ ಕೊಟ್ಟು, ಯಾರ್ಯಾರನ್ನು ಇಟ್ಟುಕೊಳ್ಳಬೇಕೆಂದು ನಮ್ಮನ್ನೇ ಕೇಳಿತು. ಆಮೇಲೆ ಹೊಸದು ಬಂದಾಗ ಮಾತ್ರ ಕೇಳುತ್ತೇನೆ, ಎಲ್ಲಿಂದ ಬಂತೆಂದೂ ತೋರಿಸುತ್ತೇನೆ ಎಂದಿತು.

ಪಟ್ಟಿಯನ್ನು ನಾನು ಓದಿದೆ, ಅಪ್ಪ ವಿಚಾರಣೆ ಮಾಡಿದರು.

"ಇದು ಪ್ರಿಂಟರಿನದ್ದು."

"ಪ್ರಿಂಟರಿನ ಜೊತೆ ಬಂದದ್ದಾ? ಇರ್ಲಿ."

"ಇದು ಹವಾಮಾನ ತೋರಿಸುವುದು."

"ಯಾರು ಕರ್ಕೊಂಡು ಬಂದದ್ದು?"

"ಯಾರೂ ಅಲ್ಲ. ಬೇರೆ ಯಾವುದೋ ಒಂದನ್ನು ಹಾಕುವಾಗ ಅದರ ಹಿಂದೆ ಬಂದದ್ದು."

"ಕರೆಯದೆ ಊಟಕ್ಕೆ ಕೂತವ. ಏಳಿಸು. ಗಾಳಿ ಯಾವ ಕಡೆ ಅಂತ ನನಗೆ ಜಗಲಿಯಿಂದ ಗೊತ್ತಾಗ್ತದೆ."

"ಇದು ಇಸ್ಪೀಟು ಆಟ."

"ಅದು ಎಂತಕ್ಕೆ?" ಎಂದು ಅಪ್ಪ ಹೇಳುತ್ತಿದ್ದಂತೆಯೇ ಅಡುಗೆಮನೆಯಿಂದ ದನಿ ಬಂತು. "ಅದನ್ನು ಮುಟ್ಟಿ ನೋಡುವ! ನಾಳೆಯಿಂದ ಗಂಜಿ ಕಂಪ್ಯೂಟರೇ ಬೇಯಿಸ್ತದೆ!"

"ಇರ್ಲಿ," ಎಂದರು ಗುರಿಕಾರರು, ದನಿ ತಗ್ಗಿಸಿ.

ಕೊನೆಗೆ ಆ ಕನ್ನಡ ಪ್ರೋಗ್ರಾಂ ಬಂತು. ಅದರ ಎದುರು ಹಳದಿ ಗುರುತಿತ್ತು: ಮಾಡಿದವರು ತಿಳಿದಿಲ್ಲ. ಅಪ್ಪ ಆ ಗುರುತನ್ನು ಬಹಳ ಹೊತ್ತು ನೋಡಿದರು.

"ಇದು ಮಾಸ್ಟ್ರು ಕರ್ಕೊಂಡು ಬಂದದ್ದು," ಎಂದರು. "ಒಳಗೆ ಬರೆದುಕೋ."

ಇನ್ನೊಂದು ಪ್ರಶ್ನೆ ಉಳಿದಿತ್ತು, ಮೊದಲ ಸಲ ನನ್ನ ಕೋಷ್ಟಕದಲ್ಲಿ ಇಲ್ಲದ್ದು: ಕೈ ತಪ್ಪಿದರೆ? ಪೆಟ್ಟಿಗೆಯಲ್ಲಿ 'ಬಿಡು', 'ತಡೆ' ಎಂಬ ಅರ್ಥದ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದವು. ನಡುಗುವ ಕೈಗೆ ಅವುಗಳ ನಡುವಿನ ಅಂತರ ಸಾಲದು. ಅಪ್ಪನ ಎದುರು ಇದನ್ನು ಹೇಗೆ ಕೇಳುವುದೆಂದು ನಾನು ಯೋಚಿಸುತ್ತಿದ್ದಾಗ ಅವರೇ ಕೇಳಿದರು, "ನಾನು ತಪ್ಪಿ ಬೇರೆಯದನ್ನು ಒತ್ತಿದ್ರೆ?" ಹುಡುಕಿ ನೋಡಿದೆವು. ಏನೂ ಒತ್ತದಿದ್ದರೆ ಮೂವತ್ತು ಸೆಕೆಂಡಿನ ಮೇಲೆ ಅದು ತಾನೇ ತಡೆಯುತ್ತದೆ. ಒಳಗೆ ಬಿಡಬೇಕಾದರೆ ಗುಂಡಿ ಒತ್ತಿದರೆ ಸಾಲದು, ಗುಪ್ತಪದವನ್ನೂ ಬರೆಯಬೇಕು. ಎಂದರೆ ಕೈ ತಪ್ಪಿ ಯಾರನ್ನೂ ಒಳಗೆ ಬಿಡಲು ಸಾಧ್ಯವಿಲ್ಲ. ಅದನ್ನೇ ಆರಿಸಿದೆವು. ಪೆಟ್ಟಿಗೆಯಲ್ಲಿ ಬರುವ ಇಂಗ್ಲಿಷಿಗೆ ಸರಿಯಾದ ಕನ್ನಡವನ್ನು ದೊಡ್ಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು ಪರದೆಯ ಪಕ್ಕಕ್ಕೆ ಅಂಟಿಸಿದೆ.

ಗುಪ್ತಪದ ಕೇಳುವ ಜಾಗ ಬಂದಾಗ ನಾನು ಖುರ್ಚಿಯಿಂದ ಎದ್ದೆ.

"ನೀವೇ ಹಾಕಿ."

"ನೀನು ಹಾಕು ಮಗಾ. ನಾನು ಮರೆತ್ರೆ?"

"ಊರಿನ ನೂರೈವತ್ತು ಮನೆಯ ಬರಿ ನಿಮಗೆ ಬಾಯಿಪಾಠ ಉಂಟು."

ನಾನು ಜಗಲಿಗೆ ಹೋಗಿ ನಿಂತೆ. ಒಳಗಿನಿಂದ ಒಂದೊಂದೇ ಕೀಲಿಯ ಸದ್ದು, ನಡುವೆ ದೀರ್ಘ ಬಿಡುವು. ಎರಡು ಸಲ ಬರೆಯಬೇಕು, ಎರಡೂ ಹೊಂದಬೇಕು. ಮೊದಲ ಸಲ ಹೊಂದಲಿಲ್ಲವೆಂದು ಕಾಣುತ್ತದೆ. ಅಪ್ಪ "ಛೆ" ಎಂದದ್ದು ಕೇಳಿಸಿತು. ನಾನು ಒಳಗೆ ಹೋಗಲಿಲ್ಲ. ಅಮ್ಮ ಬಂದು ನನ್ನ ಪಕ್ಕ ನಿಂತು, ಮೊದಲ ಬಾರಿಗೆ ಪಿಸುದನಿಯಲ್ಲಿ, "ಆಗ್ತದಾ?" ಎಂದು ಕೇಳಿದರು. ಆಗುತ್ತದೆ ಎಂದೆ.

ಅದಾಗಿ ಎರಡು ತಿಂಗಳಿಗೆ ಮುಂಬಯಿಯಿಂದ ಮತ್ತೊಂದು ಕರೆಯೋಲೆ ಬಂತು. ನಾನು ಆಫೀಸಿನಲ್ಲಿದ್ದೆ, ಸಂಜೆ ಅಪ್ಪನೇ ಹೇಳಿದರು. ಒತ್ತಿದ ಕೂಡಲೇ ಪೆಟ್ಟಿಗೆ ಬಂದಿತ್ತು. ಮಾಡಿದವರು ತಿಳಿದಿಲ್ಲ. ಅಪ್ಪ ರಟ್ಟು ನೋಡಿ ಓದಿಕೊಂಡು, ಏನನ್ನೂ ಒತ್ತದೆ ಮೂವತ್ತು ಸೆಕೆಂಡು ಕಾದು, ಅದು ಹೊರಗೆ ಹೋದ ಮೇಲೆ ಆ ಮನೆಗೆ ಫೋನು ಮಾಡಿದ್ದರು.

"'ನಿಮ್ಮ ಕರೆಯೋಲೆಯನ್ನು ಜಗಲಿಯಲ್ಲಿ ಕೂರಿಸಿದ್ದೇನೆ. ಅದು ನಿಮ್ಮದೇ ಹೌದಾ?' ಅಂತ ಕೇಳಿದೆ."

"ಹೌದಂತಾ?"

"ಹೌದಂತೆ. ಫೋಟೋ ತಿರುಗುವ ಹಾಗೆ ಸ್ಟುಡಿಯೋದವರು ಎಂತದೋ ಮಾಡಿ ಕೊಟ್ಟದ್ದಂತೆ. ತಿರುಗುವುದು ಬೇಡ, ಬಾಯಲ್ಲಿ ಓದಿ ಅಂದೆ. ಮದುಮಗಳ ಅಜ್ಜಿ ಫೋನು ತೆಕ್ಕೊಂಡು ಪೂರ್ತಿ ಓದಿದ್ರು. ಬರಿ ಕೇಳಿ ಬರೆದುಕೊಂಡೆ." ಅಪ್ಪ ಕನ್ನಡಕ ತೆಗೆಯುತ್ತಾ, "ಅಜ್ಜಿಗೆ ಖುಷಿಯಾಯ್ತು. ಈಗ ಯಾರೂ ಪೂರ್ತಿ ಓದಿಸುವುದಿಲ್ಲ ಅಂದ್ರು," ಎಂದರು. ಬೆಳಿಗ್ಗೆ ಅಪ್ಪ ನನಗೆ ಫೋನು ಮಾಡಿ ಕೇಳಿರಲಿಲ್ಲ. ನಾನೂ ಆ ಮಾತನ್ನು ಎತ್ತಲಿಲ್ಲ.

ಪುಸ್ತಕ ಸಭೆಗೆ ಹದಿನಾರು ದಿನ ಮೊದಲು ಮುಗಿಯಿತು. ನೋಟು ಪುಸ್ತಕದ ಎರಡೂವರೆ ಮನೆಗಳನ್ನೂ ಅಪ್ಪ ಮತ್ತೆ ಟೈಪು ಮಾಡಿದರು. ಪ್ರಿಂಟು ತೆಗೆದು, ಹೊಲಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿಸಿದೆವು. ಸಭೆಯಲ್ಲಿ ಅದನ್ನು ಹೊಸ ಗುರಿಕಾರರ ಕೈಗೆ ಕೊಡುವಾಗ ಅಪ್ಪನ ಕೈ ನಡುಗಿತು. ಎಲ್ಲರೂ ನೋಡಿದರು. ಅಪ್ಪ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಲಿಲ್ಲ.

ಈಗ ಅಪ್ಪ ಗುರಿಕಾರರಲ್ಲ. ಕಂಪ್ಯೂಟರು ಮಾತ್ರ ಅವರದೇ ಸುಪರ್ದಿನಲ್ಲಿದೆ. ಕಳೆದ ವಾರ ರಜೆಯಲ್ಲಿ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದು, ಒಂದು ಹೊಸ ಪ್ರೋಗ್ರಾಂ ಹಾಕಲು ಹೊರಟೆ. ಪೆಟ್ಟಿಗೆ ಬಂತು. 'ಬಿಡು' ಒತ್ತಿದೆ, ಅದು ಗುಪ್ತಪದ ಕೇಳುತ್ತಾ ನಿಂತಿತು, ನಾನು ಅಪ್ಪನನ್ನು ಕರೆದೆ. ಅವರು ಜಗಲಿಯಿಂದ ನಿಧಾನವಾಗಿ ಬಂದು, ಕನ್ನಡಕ ಹಾಕಿಕೊಂಡು ಪರದೆಯನ್ನು ನೋಡಿದರು.

"ಎಲ್ಲಿಂದ ಬಂದದ್ದು ಇದು?"

"ನಮ್ಮ ಆಫೀಸಿನಿಂದ."

"ಯಾರು ಕೊಟ್ಟದ್ದು?"

"ಅವತ್ತು ಮನೆಗೆ ಬಂದು ಸರಿ ಮಾಡಿ ಕೊಟ್ರಲ್ಲ, ಆ ಸರ್."

"ಎಳನೀರು ಕುಡಿಯದೆ ಹೋದವರಾ?"

"ಹೌದು."

"ಹಾಗಾದ್ರೆ ಆಗ್ಬಹುದು. ನೀನು ಆ ಕಡೆ ನೋಡು."

ನಾನು ಗೋಡೆಯ ಕಡೆ ತಿರುಗಿ ನಿಂತೆ. ಗುಪ್ತಪದ ಮೂರು ಸಲ ತಪ್ಪಿತು. ಹೊತ್ತಾಗುತ್ತಿತ್ತು, ಆಫೀಸಿನಿಂದ ಎರಡು ಸಲ ಫೋನು ಬಂದು ನಿಂತಿತು. ಗೋಡೆಯ ಮೇಲೆ ದೇವರ ಪಟವಿತ್ತು, ಅದರ ಮುಂದೆ ಅಪ್ಪ ಓದಿ ಮಡಚಿಟ್ಟ ಕರೆಯೋಲೆಗಳ ಕಟ್ಟು ಇತ್ತು. ನಾನು ಅದನ್ನು ನೋಡುತ್ತಾ ನಿಂತಿದ್ದೆ, ಅಪ್ಪ "ಆಯ್ತು ಮಗಾ, ತಿರುಗು" ಎನ್ನುವವರೆಗೆ.